ಚಳಿ ಫ್ರೀ, ಬಿಸಿನೀರು ಆರರಿಂದ ಎಂಟು

ಊಟಿಯ ಬಜೆಟ್ ಹೋಟೆಲಿನಲ್ಲಿ ಪುಕ್ಕಟೆ ಸಿಗುವ ಸೌಲಭ್ಯ ಒಂದೇ, ಚಳಿ. ಅದಕ್ಕೆ ಬೆಲ್ ಒತ್ತಬೇಕಿಲ್ಲ, ರೂಮ್ ಬಾಯ್‌ಗೆ ಕಾಯಬೇಕಿಲ್ಲ. ಕಿಟಕಿಯ ಸಂದಿಯಿಂದ, ಬಾಗಿಲ ಕೆಳಗಿನಿಂದ, ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಇರಬೇಕಾಗಿದ್ದ ತೂತಿನಿಂದ ಅದು ತಾನಾಗಿಯೇ ಒಳಗೆ ಬಂದು ಮಂಚದ ಮೇಲೆ ಕೂರುತ್ತದೆ. ಉಳಿದದ್ದಕ್ಕೆಲ್ಲ ದರಪಟ್ಟಿ ಉಂಟು. ಹೀಟರಿಗೆ ಬೇರೆ, ಇನ್ನೊಂದು ರಗ್ಗಿಗೆ ಬೇರೆ, ಹೊತ್ತಲ್ಲದ ಹೊತ್ತಿನಲ್ಲಿ ಒಂದು ಬಕೆಟ್ ಬಿಸಿನೀರಿಗೆ ಬೇರೆ. ಚಳಿ ಬೇಕೆಂದು ನೂರಾರು ಕಿಲೋಮೀಟರ್ ದೂರದಿಂದ ಬಂದವರು, ಬಂದ ಅರ್ಧ ಗಂಟೆಯಲ್ಲಿ ಅದೇ ಚಳಿಯಿಂದ ಪಾರಾಗಲು ಪರ್ಸ್ ತೆಗೆಯುತ್ತಾರೆ. ಇಂಥ ವ್ಯಾಪಾರ ಯಾವ ಮಾರುಕಟ್ಟೆಯಲ್ಲೂ ಇಲ್ಲ.

ಈ ಊರಲ್ಲಿ ಅಗ್ಗಕ್ಕೆ ಠಿಕಾಣಿ ಹೂಡಿದವರ ಮೂಲಪುರುಷ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್. 1819ರಲ್ಲಿ ನೀಲಗಿರಿ ಹತ್ತಿದ. ಅಲ್ಲಿನ ಬುಡಕಟ್ಟಿನವರಾದ ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲನ್ನು ಅಗ್ಗಕ್ಕೆ ಹಿಡಿದ, ಕಲ್ಲಿನ ಮನೆ ಕಟ್ಟಿದ, ತೊರೆಗಳಿಗೆ ಅಡ್ಡಕಟ್ಟಿ ಕೆರೆ ಮಾಡಿಸಿದ. ಆಮೇಲೆ ಮದ್ರಾಸ್ ಸರ್ಕಾರವೇ ಬೇಸಿಗೆಯಲ್ಲಿ ಫೈಲುಗಳ ಸಮೇತ ಗುಡ್ಡ ಹತ್ತತೊಡಗಿತು. 1848ರಲ್ಲಿ ಸಸ್ಯೋದ್ಯಾನ ಬಂತು, 1908ರಲ್ಲಿ ಗುಡ್ಡ ಹತ್ತುವ ರೈಲು ಊಟಿಯವರೆಗೆ ಬಂತು. ಮೈಸೂರು ಮಹಾರಾಜರು ಫರ್ನ್‌ಹಿಲ್‌ನಲ್ಲಿ ಬೇಸಿಗೆ ಅರಮನೆ ಮಾಡಿಕೊಂಡರು. ಸಾಹೇಬರಿಗೆ ಬಂಗಲೆ, ಮಹಾರಾಜರಿಗೆ ಅರಮನೆ. ನಮಗೆ ಉಳಿದದ್ದು ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿ, ಏರಿನ ಮೇಲೆ ಏರು ಹತ್ತಿದ ನಂತರ ಸಿಗುವ, ಲಿಫ್ಟಿಲ್ಲದ ನಾಲ್ಕನೇ ಮಹಡಿಯ ರೂಮು.

ಬೆಂಗಳೂರಿನವರಿಗೆ ಈ ನಾಟಕದಲ್ಲಿ ವಿಶೇಷ ಪಾತ್ರ. ಫ್ಯಾನೇ ಇಲ್ಲದ ಮನೆಗಳಲ್ಲಿ ಬೇಸಿಗೆ ಕಳೆದ ಹಿರಿಯರು ಇನ್ನೂ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬದುಕಿದ್ದಾರೆ. ಆ ತಂಪನ್ನು ಸೈಟು ಮಾಡಿ ಮಾರಿದೆವು, ಕೆರೆ ಮುಚ್ಚಿ ಬಸ್ ಸ್ಟ್ಯಾಂಡು ಕಟ್ಟಿದೆವು, ರಸ್ತೆ ಅಗಲ ಮಾಡಲು ಮರ ಕಡಿದೆವು. ಈಗ ಅದೇ ರಸ್ತೆಯಲ್ಲಿ ಕಾರು ಹತ್ತಿ, ಇನ್ನೂ ಮರ ಉಳಿಸಿಕೊಂಡಿರುವ ಊರು ಯಾವುದೆಂದು ಹುಡುಕಿಕೊಂಡು ಹೊರಡುತ್ತೇವೆ. ಸಿಕ್ಕಿದ ಊರಿನಲ್ಲಿ ಇಳಿದ ತಕ್ಷಣ ಕೇಳುವ ಮೊದಲ ಪ್ರಶ್ನೆ, "ಪಾರ್ಕಿಂಗ್ ಇದೆಯಾ?"

ಪಾರ್ಕಿಂಗ್ ಇಲ್ಲದಷ್ಟು ಕಾರು ಸೇರಿದ್ದರಿಂದಲೇ ಮದ್ರಾಸ್ ಹೈಕೋರ್ಟ್ ನಡುವೆ ಬರಬೇಕಾಯಿತು. 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಬಂತು. ಮರುವರ್ಷದ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಮಿತಿಯೂ ಬಂತು. ಬೆಟ್ಟದ ಊರಿಗೆ ಹೋಗಲು ಕೋರ್ಟಿನ ಅಪ್ಪಣೆ ಬೇಕಾಯಿತಲ್ಲ ಎಂದು ನಾಚಿಕೆಪಟ್ಟವರನ್ನು ನಾನು ಕಾಣೆ. ಚೆಕ್‌ಪೋಸ್ಟಿನ ಸಾಲಿನಲ್ಲಿ ಎಂಜಿನ್ ಆಫ್ ಮಾಡದೆ ನಿಂತು, ಕೈಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಸಿಬ್ಬಂದಿ ಕಿತ್ತುಕೊಳ್ಳುವಾಗ ಗೊಣಗುತ್ತಾ, ಪ್ರತಿ ಕಾರಿನೊಳಗೂ ಒಂದೇ ಉದ್ಗಾರ, "ಅಬ್ಬಾ, ಎಷ್ಟು ಜನ ಬರ್ತಾರಪ್ಪಾ ಈ ಊರಿಗೆ!" ಬರುವವರ ಪಟ್ಟಿಯಲ್ಲಿ ತನ್ನ ಹೆಸರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಪ್ರವಾಸಿಗ ಯಾವಾಗಲೂ ಪಕ್ಕದ ಕಾರಿನವನು.

ಇನ್ನು ಹೋಟೆಲಿನ ಬಾಗಿಲಿಗೆ ಬರೋಣ. ರಿಸೆಪ್ಷನ್ ಹುಡುಗ ಕನ್ನಡದಲ್ಲೇ ಸ್ವಾಗತಿಸುತ್ತಾನೆ. ಅವನ ಮನೆಮಾತು ನೀಲಗಿರಿಯ ಬಡಗ ಭಾಷೆಯಾಗಿದ್ದರಂತೂ ಕಿವಿಗೆ ದೂರದ ನೆಂಟರ ಮಾತು ಕೇಳಿದ ಹಾಗಿರುತ್ತದೆ. ಅಷ್ಟಕ್ಕೂ ಎದುರಿಗೆ ಕಾಣುವ ಬೆಟ್ಟದ ಹೆಸರೇ ದೊಡ್ಡಬೆಟ್ಟ. ನಮ್ಮವರು ಅವನಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ, ಏಕೆಂದರೆ ರಾಜ್ಯದ ಗಡಿ ದಾಟಿ ಆಗಿದೆ.

"ರೂಮಿಗೆ ಎಷ್ಟು ಜನ ಸಾರ್?"

"ಇಬ್ಬರು."

ಹಿಂದೆ ಟೆಂಪೋ ಟ್ರಾವೆಲರಿನಿಂದ ಅತ್ತೆ, ಮಾವ, ನಾದಿನಿ, ಭಾವ, ಮೂರು ಮಕ್ಕಳು ಸಾಲಾಗಿ ಇಳಿಯುತ್ತಿದ್ದಾರೆ. ಕೊನೆಗೆ ಒಂದು ಇಂಡಕ್ಷನ್ ಸ್ಟೌ, ಟವೆಲಿನಲ್ಲಿ ಸುತ್ತಿಕೊಂಡು, ಯಾರಿಗೂ ಕಾಣದ ಹಾಗೆ.

"ಇವರೆಲ್ಲ ಯಾರು ಸಾರ್?"

"ಇವರು ಸುಮ್ನೆ ರೂಮ್ ನೋಡೋಕ್ ಬಂದಿದ್ದಾರೆ."

"ನೋಡ್ಲಿ ಸಾರ್. ರಾತ್ರಿಯೆಲ್ಲಾ ನೋಡೋದಾದ್ರೆ ತಲೆಗೆ ಇನ್ನೂರೈವತ್ತು. ಎಕ್ಸ್‌ಟ್ರಾ ಬೆಡ್ ಅಂತ ಬರ್ಕೋತೀನಿ."

ಈ ಮಾತುಕತೆಯಲ್ಲಿ ಇಬ್ಬರೂ ಕಸುಬುದಾರರು. ಇವನು ಒಂಬತ್ತನ್ನು ಎರಡು ಎನ್ನುತ್ತಾನೆ, ಅವನು ಹತ್ತಡಿಯ ಗೂಡನ್ನು ಡೀಲಕ್ಸ್ ಎನ್ನುತ್ತಾನೆ. ಯಾರಿಗೂ ಮೋಸವಾಗಿಲ್ಲ. ಫೋಟೋದಲ್ಲಿ ಕಂಡ ಕಣಿವೆಯೂ ಸುಳ್ಳಲ್ಲ, ನೀರಿನ ಟ್ಯಾಂಕಿನ ಏಣಿ ಹತ್ತಿ ನಿಂತರೆ ಖಂಡಿತ ಕಾಣುತ್ತದೆ. ರೂಮಿನ ಕಿಟಕಿಯಿಂದ ಕಾಣುವುದು ಪಕ್ಕದ ಲಾಡ್ಜಿನ ಕಿಟಕಿ. ಅಲ್ಲಿ ಒಬ್ಬರು ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡು ನಮ್ಮನ್ನು ನೋಡುತ್ತಿರುತ್ತಾರೆ. ಪರಸ್ಪರ ದರ್ಶನಕ್ಕೆ ಇಬ್ಬರೂ 'ಹಿಲ್ ವ್ಯೂ' ದರ ಕಟ್ಟಿರುತ್ತೇವೆ.

ರೂಮನ್ನು ಕೊಂಚ ಹತ್ತಿರದಿಂದ ನೋಡಿ. ಚಾವಣಿಯಲ್ಲಿ ಫ್ಯಾನಿಲ್ಲ, ಅದು ಬೇಡ ಕೂಡ. ಆದರೂ ನಮ್ಮ ಮಾವ ಎಂಬುವವರು ತಲೆಯೆತ್ತಿ ನೋಡಿ, "ಎಸಿ ಕೂಡ ಇಲ್ವಲ್ಲೋ" ಎಂದು ಹೇಳಿಯೇ ತೀರುತ್ತಾರೆ. ಕನ್ನಡಿಯ ಅಂಚಿನಲ್ಲಿ ಹಿಂದೆ ಬಂದುಹೋದ ಹೆಂಗಸರು ಅಂಟಿಸಿದ ಬಿಂದಿಗಳು, ಕೆಂಪು, ಮರೂನು, ಒಂದೆರಡು ಹಸಿರು. ಅತಿಥಿಗಳ ನಿಜವಾದ ರಿಜಿಸ್ಟರು ಅದೇ, ಕೆಳಗಿರುವ ಪುಸ್ತಕದಲ್ಲಿ ಅರ್ಧ ಹೆಸರುಗಳಿಲ್ಲ. ಗೋಡೆಯ ಮೂಲೆಯಲ್ಲಿ ತೇವ ಹತ್ತಿ ಬಣ್ಣ ಉಬ್ಬಿ ನಿಂತಿದೆ. ಬೀರು ತೆಗೆದರೆ ನುಸಿಗುಳಿಗೆಯ ವಾಸನೆ, ಮುಚ್ಚಿದರೆ ಬೂಷ್ಟಿನ ವಾಸನೆ. ನಿಮ್ಮ ಇಷ್ಟ.

ಮಂಚದ ಮೇಲಿನ ರಗ್ಗಿಗೆ ಪ್ರತ್ಯೇಕ ಅಧ್ಯಾಯ ಬೇಕು. ಅದು ಗೋಣಿಚೀಲದಷ್ಟು ಭಾರ, ಟವೆಲಿನಷ್ಟು ಉದ್ದ. ತಲೆಗೆಳೆದರೆ ಕಾಲು ಆಚೆ, ಕಾಲಿಗೆಳೆದರೆ ಕುತ್ತಿಗೆ ಆಚೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾಡಿನಲ್ಲಿ ಅಕ್ಷರಶಃ ಜಾರಿಗೆ ತಂದಿರುವವರು ಲಾಡ್ಜಿನವರು ಮಾತ್ರ. ಒಗೆದು ಎಷ್ಟು ದಿನವಾಯಿತು ಎಂದು ಕೇಳಬಾರದು. 2,240 ಮೀಟರ್ ಎತ್ತರದ ಊರು, ನೈರುತ್ಯ ಮುಂಗಾರೂ ಸುರಿಯುತ್ತದೆ, ಈಶಾನ್ಯ ಮಾರುತವೂ ಸುರಿಯುತ್ತದೆ, ನಡುವೆ ಮಂಜು. ಒಂದು ತೆಳು ಬೆಡ್‌ಶೀಟ್ ಒಣಗುವುದೇ ಕಷ್ಟ. ಈ ರಗ್ಗು ಒಮ್ಮೆ ನೆನೆದರೆ ಮುಂದಿನ ಸೀಸನ್‌ಗೇ ಒಣಗುವುದು. ಆದ್ದರಿಂದ ಮಾಲೀಕರು ಬುದ್ಧಿವಂತರಾಗಿ ಅದನ್ನು ಬಿಸಿಲಿಗೆ ತೋರಿಸುತ್ತಾರೆ, ನೀರಿಗೆ ತೋರಿಸುವುದಿಲ್ಲ. ಹೊದ್ದುಕೊಂಡ ಮೇಲೆ ಮೂಗಿನ ಹತ್ತಿರ ಬರುವುದು ನೀಲಗಿರಿ ತೈಲದ ಪರಿಮಳವೋ ಹಿಂದಿನ ಅತಿಥಿಯ ತಲೆಗೆಣ್ಣೆಯೋ ಎಂದು ವಿಚಾರ ಮಾಡುವಷ್ಟರಲ್ಲಿ ನಿದ್ದೆ ಬಂದರೆ ಪುಣ್ಯ.

ಬೆಳಿಗ್ಗೆ ಎದ್ದರೆ ಮಹಾಪರ್ವ, ಬಿಸಿನೀರು. ಬಚ್ಚಲ ಬಾಗಿಲಿಗೆ ಅಂಟಿಸಿದ ಚೀಟಿ ಸ್ಪಷ್ಟವಾಗಿ ಹೇಳುತ್ತದೆ: 'ಬಿಸಿನೀರು 6ರಿಂದ 8'. ಆರಕ್ಕೆ ನಲ್ಲಿ ತಿರುಗಿಸಿದರೆ ಮೊದಲು ಒಂದು ನಿಟ್ಟುಸಿರು ಬರುತ್ತದೆ, ಆಮೇಲೆ ತುಕ್ಕಿನ ಬಣ್ಣದ ನೀರು, ಆಮೇಲೆ ತಣ್ಣೀರು. "ಸ್ವಲ್ಪ ಹೊತ್ತು ಬಿಡಿ ಸಾರ್, ಬರ್ತದೆ" ಎಂದು ಇಂಟರ್‌ಕಾಂನಲ್ಲಿ ಅಭಯ. ಬಿಡುತ್ತೇವೆ. ನಾಲ್ಕು ಮಹಡಿಯ ನಲ್ವತ್ತು ನಲ್ಲಿಗಳಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಬಿಡುತ್ತಾರೆ. ಬಿಸಿಯಾಗಬೇಕಿದ್ದ ನೀರು ಬಿಸಿಯಾಗುವ ಮೊದಲೇ ಮೋರಿ ಸೇರುತ್ತದೆ. ಏಳೂ ಐವತ್ತೈದಕ್ಕೆ ನಿಜವಾದ ಬಿಸಿ ಬರುತ್ತದೆ, ತಲೆಗೆ ಸೋಪು ಹಚ್ಚಿ ಮುಗಿಯುವ ಹೊತ್ತಿಗೆ ಎಂಟಾಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ ಕಟ್ಟಿದವರು ಊಟಿಯ ಲಾಡ್ಜು ಕಂಡವರಲ್ಲ. ಇಲ್ಲಿ ಊರಿಗೆ ಬಂದವರೆಲ್ಲ ನೀರಿಗೆ ಬರುತ್ತಾರೆ, ನೀರೇ ಬರುವುದಿಲ್ಲ.

ಹಾಗೆಂದು ಮಾಲೀಕನನ್ನು ಬೈಯುವ ಮೊದಲು ಲೆಕ್ಕವನ್ನೂ ಹಾಕಬೇಕು. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು ಊಟಿಯ ಕೊರೆತದಿಂದ ಮೈಗೆ ಹಿತವಾಗುವವರೆಗೆ, ಅಂದರೆ ಮೂವತ್ತು ಡಿಗ್ರಿ ಮೇಲೆತ್ತಲು ಅರ್ಧ ಯೂನಿಟ್ ಕರೆಂಟ್ ಬೇಕು. ಇಬ್ಬರೆಂದು ಬರೆಸಿ ಒಂಬತ್ತು ಜನ ಎರಡೆರಡು ಬಕೆಟ್ ಸುರಿದುಕೊಂಡರೆ ಬೆಳಗಿನ ಹೊತ್ತಿಗೇ ಒಂಬತ್ತು ಯೂನಿಟ್. ಎರಡು ಸಾವಿರ ವ್ಯಾಟಿನ ಹೀಟರನ್ನು ರಾತ್ರಿ ಎಂಟು ಗಂಟೆ ಉರಿಸಿದರೆ ಹದಿನಾರು. ಇನ್ನು ಟವೆಲಿನಿಂದ ಹೊರಬಂದ ಇಂಡಕ್ಷನ್ ಸ್ಟೌ ಮೇಲೆ ಅತ್ತೆಯವರು ಚಿತ್ರಾನ್ನದ ಒಗ್ಗರಣೆ ಹಾಕಿದಾಗ ಮಹಡಿಯೇ ಕತ್ತಲಾಗುತ್ತದೆ. ಕತ್ತಲಲ್ಲಿ ಮೊದಲು ಕೇಳುವ ದನಿಯೂ ಅದೇ ರೂಮಿನದು, "ಎಂಥಾ ಹೋಟೆಲಪ್ಪಾ ಇದು, ಕರೆಂಟೂ ಇಲ್ಲ!"

ನಗುವ ಮಾತುಗಳ ನಡುವೆ ನಗಬಾರದ ಮಾತೊಂದಿದೆ. ಹೀಟರಿನ ಬಾಡಿಗೆ ಉಳಿಸಲು ಇದ್ದಿಲ ಒಲೆಯನ್ನೋ ಬಾರ್ಬೆಕ್ಯೂ ಕೆಂಡವನ್ನೋ ರೂಮಿನೊಳಗೆ ತಂದು, ಕಿಟಕಿ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಪ್ರಕರಣಗಳು ನಮ್ಮ ಗಿರಿಧಾಮಗಳಲ್ಲಿ ನಡೆದಿವೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ. ಆ ಉಳಿತಾಯ ಯಾರಿಗೂ ಬೇಡ.

ಬೆಳಗಿನ ತಿಂಡಿ 'ಕಾಂಪ್ಲಿಮೆಂಟರಿ'. ಹಾಗೆಂದರೆ ದರದಲ್ಲಿ ಸೇರಿದೆ, ತಟ್ಟೆಯಲ್ಲಿ ಸೇರಿಲ್ಲ ಎಂದರ್ಥ. ಒಂಬತ್ತೂವರೆಗೆ ಹೋದರೆ ಪೂರಿ ಮುಗಿದಿರುತ್ತದೆ, ಎಂಟಕ್ಕೆ ಹೋದರೆ ಇನ್ನೂ ಆಗಿರುವುದಿಲ್ಲ. ಈ ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವುದಿಲ್ಲ, 92-93ಕ್ಕೇ ಕುದಿಯುತ್ತದೆ. ಇದು ಭೌತಶಾಸ್ತ್ರ. ಆದರೆ ಚಹಾ ಮೇಜಿಗೆ ಬರುವ ಹೊತ್ತಿಗೆ ಮಂಜಿನಷ್ಟೇ ತಣ್ಣಗಾಗಿರುವುದಕ್ಕೆ ಭೌತಶಾಸ್ತ್ರ ಹೊಣೆಯಲ್ಲ. ಸುತ್ತಲ ಇಳಿಜಾರುಗಳಲ್ಲೆಲ್ಲ ಚಹಾ ತೋಟ, ಲೋಟದಲ್ಲಿ ಮಾತ್ರ ಅದರ ನೆನಪು.

ಲೆಕ್ಕದ ಇನ್ನೊಂದು ಚಮತ್ಕಾರ ದಿನದ ಉದ್ದ. ಚೆಕ್-ಇನ್ ಮಧ್ಯಾಹ್ನ ಒಂದಕ್ಕೆ, ಚೆಕ್-ಔಟ್ ಬೆಳಿಗ್ಗೆ ಹತ್ತಕ್ಕೆ. ಭೂಮಿ ಇಪ್ಪತ್ನಾಲ್ಕು ಗಂಟೆ ತೆಗೆದುಕೊಳ್ಳುವ ಕೆಲಸವನ್ನು ಹೋಟೆಲು ಇಪ್ಪತ್ತೊಂದು ಗಂಟೆಯಲ್ಲಿ ಮುಗಿಸುತ್ತದೆ. ದರಪಟ್ಟಿಯಂತೂ ಪಂಚಾಂಗ ನೋಡಿ ಬದಲಾಗುತ್ತದೆ. ಜುಲೈ ಮಳೆಯಲ್ಲಿ "ಬನ್ನಿ ಸಾರ್, ನೀವು ಹೇಳಿದ್ದೇ ರೇಟು" ಎನ್ನುವ ರೂಮು, ಮೇ ತಿಂಗಳ ಫಲಪುಷ್ಪ ಪ್ರದರ್ಶನದ ವಾರದಲ್ಲಿ ಮೂರು ಪಟ್ಟು. ಬಿಂದಿಗಳು ಅವೇ, ರಗ್ಗು ಅದೇ, ಗುಲಾಬಿ ಅರಳಿದ್ದು ತೋಟದಲ್ಲಿ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿಯವರೆಗಿನ ರೂಮುಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅದಕ್ಕೆ ಸಂತೋಷಪಡುವಷ್ಟರಲ್ಲಿ ಕೌಂಟರಿನಿಂದ ಮೆಲುದನಿ, "ಬಿಲ್ ಬೇಕಾ ಸಾರ್, ಬೇಡ್ವಾ?" ನಾವೂ ಅಷ್ಟೇ ಮೆಲ್ಲಗೆ "ಬೇಡ" ಎನ್ನುತ್ತೇವೆ. ಆಮೇಲೆ ಮನೆಗೆ ಹೋಗಿ ಆನ್‌ಲೈನಿನಲ್ಲಿ ಒಂದೇ ಸ್ಟಾರ್ ಕೊಟ್ಟು ಬರೆಯುತ್ತೇವೆ, 'ವಂಚಕರು. ಅಲ್ಲದೆ ವಿಪರೀತ ಚಳಿ.'

ಇಷ್ಟೆಲ್ಲ ಅಧ್ವಾನವಾದರೂ ರೂಮು ಅಗ್ಗವೇ ತಾನೆ? ಹೌದು, ಅಗ್ಗ. ಎರಡು ಸಾವಿರದ ರೂಮು ಎರಡು ಸಾವಿರಕ್ಕೇ ನಡೆಯಬೇಕಾದರೆ, ಬಾಕಿ ಹಣ ಯಾರೋ ಕಟ್ಟಲೇಬೇಕು. ಅವರು ಯಾರು ಎಂದು ನೋಡಲು ರಾತ್ರಿ ಹನ್ನೊಂದರ ಮೇಲೆ ಮೆಟ್ಟಿಲಿಳಿದು ಬನ್ನಿ.

ಮೊದಲು ಸಿಗುವವನು ರೂಮ್ ಬಾಯ್. ಹಗಲೆಲ್ಲ ನಾಲ್ಕು ಮಹಡಿಗೆ ಬಕೆಟ್ ಹೊತ್ತವನು ರಿಸೆಪ್ಷನ್ನಿನ ಸೋಫಾದ ಮೇಲೋ ಮೆಟ್ಟಿಲ ಕೆಳಗಿನ ಮೂಲೆಯಲ್ಲೋ ಮುದುಡಿದ್ದಾನೆ. ನಾವು ಹೆಚ್ಚುವರಿ ರಗ್ಗು ತರಿಸಿಕೊಂಡೆವಲ್ಲ, ಅದು ಬಹುಶಃ ಅವನದೇ. ಅವನ ಹೆಸರು ಕೇಳಿದವರಿಲ್ಲ, ಎಲ್ಲರಿಗೂ ಅವನು 'ತಂಬಿ', ಅಂದರೆ ತಮ್ಮ. ಐವತ್ತು ದಾಟಿದವನೂ ತಂಬಿಯೇ.

ಇನ್ನೂ ಇಳಿದರೆ ಊರಿನ ಕೆರೆ. ಸಲ್ಲಿವನ್ ಮಾಡಿಸಿದ ಕೆರೆಯಲ್ಲಿ ಈಗ ಪೆಡಲ್ ಬೋಟು. ನಾಲ್ಕು ಮಹಡಿಯ ಕಟ್ಟಡಗಳು ಎದ್ದಷ್ಟು ವೇಗವಾಗಿ ಒಳಚರಂಡಿ ಬೆಳೆಯಲಿಲ್ಲ. ಕೊಡಪ್ಪಮಂದು ಕಾಲುವೆಯಲ್ಲಿ ಊರಿನ ಕೊಳಚೆ ಹರಿದು ಕೆರೆಗೆ ಬಿದ್ದದ್ದು ಅಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಬೆಳಿಗ್ಗೆ ಬಚ್ಚಲಿನಲ್ಲಿ ಬಿಟ್ಟ ನೀರಿನ ಮೇಲೆ ಮಧ್ಯಾಹ್ನ ಟಿಕೆಟ್ ಕೊಟ್ಟು ತೇಲುವ ಸೌಭಾಗ್ಯ ಎಲ್ಲ ಊರಿನಲ್ಲೂ ಸಿಗದು.

ಕೊನೆಗೆ ಆ ಟೆಂಪೋ ಟ್ರಾವೆಲರ್. ಕಲ್ಹಟ್ಟಿ ಘಾಟಿಯ ಮೂವತ್ತಾರು ಹೇರ್‌ಪಿನ್ ತಿರುವುಗಳಲ್ಲಿ ಒಂಬತ್ತು ಜನರನ್ನೂ ಒಂದು ಇಂಡಕ್ಷನ್ ಸ್ಟೌವನ್ನೂ ಚೂರೂ ಅಲುಗದಂತೆ ಹತ್ತಿಸಿಕೊಂಡು ಬಂದ ಡ್ರೈವರ್ ಎಲ್ಲಿ? ಹಿಂದಿನ ಸೀಟಿನಲ್ಲಿ, ಎರಡು ಸ್ವೆಟರ್ ಹಾಕಿಕೊಂಡು, ಕಾಲು ಮಡಚಿಕೊಂಡು. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟುವ ಊರಿದು, ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ. ಗಾಡಿಯ ಗಾಜಿನ ಒಳಬದಿಯಲ್ಲಿ ಅವನ ಉಸಿರು ನೀರಾಗಿ ಇಳಿಯುತ್ತಿರುತ್ತದೆ. ಹೋಟೆಲಿನ ಟಾಯ್ಲೆಟ್ಟು ಅವನಿಗಿಲ್ಲ, 'ಗೆಸ್ಟ್‌ಗಳಿಗೆ ಮಾತ್ರ'. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಕ್ಕೆ ತಿದ್ದುಪಡಿ ತಂದು, ಹೋಟೆಲು ಲಾಡ್ಜುಗಳು ಡ್ರೈವರುಗಳಿಗೆ ಮಲಗುವ ಜಾಗ ಕೊಡಬೇಕು ಎಂದಿತು. ಸರ್ಕಾರ ಆದೇಶ ಮಾಡಿ ಹೇಳಬೇಕಾಗಿ ಬಂತು ಎಂದರೆ ನಾವಾಗಿ ಕೇಳಲಿಲ್ಲ ಎಂದಾಯಿತು.

ಬೆಳಿಗ್ಗೆ ನಾವು ವಿಚಾರಿಸುತ್ತೇವೆ, ಇಲ್ಲವೆನ್ನಲಾಗದು. "ಏನಪ್ಪಾ, ನಿದ್ದೆ ಆಯ್ತಾ?"

"ಆಯ್ತು ಸಾರ್."

ಅಷ್ಟಕ್ಕೇ ನಮ್ಮ ಮಾನವೀಯತೆಯ ಕೋಟಾ ಮುಗಿಯುತ್ತದೆ. ಎಲ್ಲರೂ ಹತ್ತಿ ಕೂತು, ರಾತ್ರಿಯಿಡೀ ನಿದ್ದೆಯಿಲ್ಲದವನ ಕೈಗೆ ಸ್ಟೇರಿಂಗ್ ಕೊಟ್ಟು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಘಾಟಿ ಇಳಿಯಲು ಹೇಳುತ್ತೇವೆ. ಒಂದು ಹಾಸಿಗೆಯ ಬಾಡಿಗೆ ಉಳಿಸಿ ಮನೆಮಂದಿಯ ಜೀವವನ್ನೆಲ್ಲ ಪಣಕ್ಕಿಡುವ ಈ ಜಾಣತನಕ್ಕೆ ನಾವು ಇಟ್ಟುಕೊಂಡಿರುವ ಹೆಸರು ಬಜೆಟ್ ಟೂರ್.

ಲಾಡ್ಜಿನವರು ಸುಧಾರಿಸುವವರೆಗೆ ಕಾಯಬೇಕಿಲ್ಲ. ನಾವು ಕೇಳುವ ಪ್ರಶ್ನೆ ಬದಲಾದರೆ ಅವರ ಉತ್ತರವೂ ಬದಲಾಗುತ್ತದೆ. ರೂಮು ಬುಕ್ ಮಾಡುವಾಗ 'ವ್ಯೂ ಇದೆಯಾ, ವೈಫೈ ಇದೆಯಾ' ಎಂದು ಕೇಳುವ ಮೊದಲು, 'ನಮ್ಮ ಡ್ರೈವರ್ ಎಲ್ಲಿ ಮಲಗ್ತಾರೆ' ಎಂದು ಕೇಳಿ. ಉತ್ತರ ಬರುವುದು ತಡವಾದರೆ ಫೋನಿಟ್ಟು ಬೇರೆ ಹೋಟೆಲಿಗೆ ಮಾಡಿ. ಒಂಬತ್ತು ಜನರಿದ್ದರೆ ಒಂಬತ್ತು ಎಂದೇ ಬರೆಸಿ. ಬಿಲ್ ಕೇಳಿ ಪಡೆಯಿರಿ. ಬಕೆಟ್ ತಂದವನ ಹೆಸರು ಕೇಳಿ, ಕೈಗೆ ನೂರು ರೂಪಾಯಿ ಇಡಿ. ಅಷ್ಟೂ ಮಾಡಿದ ಮೇಲೆ ಬಿಸಿನೀರು ಬರಲಿಲ್ಲವೆಂದು ಗಲಾಟೆ ಮಾಡಲು ನಿಮಗೆ ಪೂರ್ತಿ ಹಕ್ಕಿದೆ. ಎಂಟು ಗಂಟೆಯೊಳಗೆ ಮಾಡಿ.